ನೀರಿನ ಮೇಲೆ ಎಳೆದ ಗೆರೆ

ಹಂಪಿಗೆ ಬರುವ ಯಾತ್ರಿಕರ ಕಣ್ಣು ಸಹಜವಾಗಿ ಕಲ್ಲಿನ ಮೇಲೆ ನೆಡುತ್ತದೆ. ವಿರೂಪಾಕ್ಷನ ಗೋಪುರ, ವಿಠಲ ದೇವಾಲಯದ ಕಲ್ಲಿನ ರಥ, ಕಮಲ ಮಹಲು, ಆನೆಲಾಯ, ಮಹಾನವಮಿ ದಿಬ್ಬ - ಇವನ್ನೆಲ್ಲ ಒಂದೇ ಹಗಲಿನಲ್ಲಿ ಸುತ್ತಿ ಮುಗಿಸುವ ಆತುರದಲ್ಲಿ ಹೊಸಪೇಟೆಯಿಂದ ಹೊರಟ ಸಂಸಾರಗಳಿಗೆ ತುಂಗಭದ್ರೆಯು ಕೈಕಾಲು ತೊಳೆಯುವ, ಮಕ್ಕಳ ಸಂತೋಷಕ್ಕೆಂದು ಹರಿಗೋಲಿನಲ್ಲಿ ಒಂದು ಸುತ್ತು ಹೋಗಿಬರುವ ಸ್ಥಳವಾಗಿ ಮಾತ್ರ ತೋರಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಹರಿಗೋಲು ಗಿರಗಿರನೆ ತಿರುಗುವಾಗ ಹೆಂಗಸರು ಮಕ್ಕಳು ಹೆದರಿ ನಗುತ್ತಾರೆ; ಗಂಡಸರು ಹೆದರಿದ್ದನ್ನು ತೋರಗೊಡದೆ ನಗುತ್ತಾರೆ. ದಡ ಸೇರಿ ಬಾಡಿಗೆ ಕೊಟ್ಟಮೇಲೆ ನದಿಯ ನೆನಪು ಮುಗಿಯಿತು.

ಆದರೆ ಆ ಹರಿಗೋಲು ತೇಲಿದ ನೀರೇ ಕಾನೂನಿನ ರಕ್ಷಣೆ ಪಡೆದಿರುವ ಒಂದು ಕ್ಷೇತ್ರವೆಂಬುದು ಬಹುಮಂದಿಗೆ ತಿಳಿಯದು. ಕರ್ನಾಟಕ ಸರ್ಕಾರವು ೨೦೧೫ರಲ್ಲಿ ತುಂಗಭದ್ರಾ ಅಣೆಕಟ್ಟಿನ ಸಮೀಪದ ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗೆ, ಸುಮಾರು ೩೪ ಕಿಲೋಮೀಟರು ಉದ್ದದ ನದೀಪಾತ್ರವನ್ನು ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗೆಂದೇ ಮೀಸಲಾದ ಪ್ರದೇಶಗಳಲ್ಲಿ ಭಾರತಕ್ಕೆಲ್ಲ ಇದೇ ಮೊದಲನೆಯದೆಂದು ಹೆಸರಾಗಿದೆ. ಹುಲಿಗೆ ಕಾಡನ್ನೂ ಆನೆಗೆ ದಾರಿಯನ್ನೂ ಕಾದಿರಿಸಿದ ಸುದ್ದಿ ಎಲ್ಲರಿಗೂ ಪರಿಚಿತ. ಹರಿಯುವ ನೀರನ್ನು ಕಾದಿರಿಸುವುದೆಂದರೇನು? ನೀರಿಗೆ ಬೇಲಿ ಹಾಕಲು ಬಂದೀತೆ? ಕ್ಷಣಕಾಲವೂ ನಿಲ್ಲದ ವಸ್ತುವಿಗೆ ‘ನೀರ ಮೇಲಣ ಬರಹ’ ಎನ್ನುವುದು ಕನ್ನಡದ ರೂಢಿ. ಹಾಗಿರುವಲ್ಲಿ ನೀರಿನ ಮೇಲೆ ಎಳೆದ ಗೆರೆ ಎಷ್ಟು ಕಾಲ ನಿಂತೀತು?

ಮೊದಲು ಆ ಗೆರೆ ಯಾರಿಗಾಗಿ ಎಳೆದದ್ದೋ ಅವರ ಪರಿಚಯವಾಗಬೇಕು. ಹೆಸರಿನಲ್ಲಿ ನಾಯಿಯಾದರೂ ನೀರುನಾಯಿ ನಾಯಿಯ ಕುಲದ್ದಲ್ಲ. ತುಂಗಭದ್ರೆಯಲ್ಲಿರುವುದು ನುಣುಪು ತುಪ್ಪಳದ ನೀರುನಾಯಿ. ಬೆಳೆದ ಪ್ರಾಣಿಯ ತೂಕ ಏಳರಿಂದ ಹನ್ನೊಂದು ಕಿಲೋ. ಬೆರಳುಗಳ ನಡುವೆ ಬಾತಿನ ಪಾದದಂತೆ ಚರ್ಮದ ಜಾಲ. ಚುಕ್ಕಾಣಿಯಂತೆ ಚಪ್ಪಟೆಯಾದ ಬಾಲ. ಕಲಕಿದ ನೀರಿನಲ್ಲಿಯೂ ಮೀನಿನ ಚಲನೆಯನ್ನು ಗುರುತಿಸುವ ಗಡುಸಾದ ಮೀಸೆ. ಇದು ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ತಂದೆ, ತಾಯಿ, ಈ ಸಲದ ಮರಿಗಳು, ಕಳೆದ ಸಲದ ಮಕ್ಕಳು - ಇಂತಹ ತುಂಬಿದ ಸಂಸಾರ ಇದರದು. ಅರ್ಧವೃತ್ತಾಕಾರವಾಗಿ ಹರಡಿಕೊಂಡು ಮೀನಿನ ಹಿಂಡನ್ನು ಅಟ್ಟಿಕೊಂಡು ಹೋಗುವ ಇವುಗಳ ಬೇಟೆಯನ್ನು ಕಂಡವರಿಗೆ ಬಲೆಯೆಳೆಯುವ ಬೆಸ್ತರ ನೆನಪಾಗದೆ ಇರದು. ಊಟವಾದಮೇಲೆ ಬಂಡೆಯ ಮೇಲೆ ಮೈ ಒಣಗಿಸಿಕೊಂಡು, ಮರಳಿನಲ್ಲಿ ಹೊರಳಾಡಿ, ಒಂದರ ಮೇಲೊಂದು ಬಿದ್ದು ಆಡುತ್ತವೆ.

ಮರಿ ಹುಟ್ಟಿದಾಗ ಕಣ್ಣು ತೆರೆದಿರುವುದಿಲ್ಲ. ನೀರುನಾಯಿಯ ಮರಿಗೂ ಈಜು ಹುಟ್ಟಿನಿಂದ ಬಂದ ವಿದ್ಯೆಯಲ್ಲ. ತಾಯಿ ನೀರಿಗೆ ಎಳೆದುಕೊಂಡು ಹೋಗಿ ಕಲಿಸಬೇಕು. ಆವರೆಗೆ ಅದರ ಮನೆಯೆಂದರೆ ನೀರಂಚಿನ ಬಂಡೆಗಳ ಸಂದಿ ಅಥವಾ ಮರದ ಬೇರಿನ ಕೆಳಗಿನ ಬಿಲ. ಹೊಸಪೇಟೆಯಿಂದ ಕಂಪ್ಲಿಯವರೆಗಿನ ತುಂಗಭದ್ರೆ ನೀರುನಾಯಿಗೆ ಒಗ್ಗಿದ್ದು ಈ ಕಾರಣದಿಂದಲೇ. ಹಂಪಿ ಆನೆಗುಂದಿಗಳ ನಡುವೆ ನದಿಯು ನೇರವಾಗಿ ಹರಿಯುವುದಿಲ್ಲ. ಹೆಬ್ಬಂಡೆಗಳ ಗುಂಪುಗಳಲ್ಲಿ ನುಸುಳಿ, ನಡುಗಡ್ಡೆಗಳನ್ನು ಸುತ್ತುವರಿದು, ಕವಲೊಡೆದು ಮತ್ತೆ ಕೂಡುತ್ತದೆ. ರಾಜಧಾನಿಗೆ ಯಾವ ಬಂಡೆಗಳು ಕೋಟೆಯಾದವೋ ಅವೇ ನೀರುನಾಯಿಗೆ ತೊಟ್ಟಿಲಾದವು. ಇದೇ ನೀರಿನಲ್ಲಿ ಮೊಸಳೆಯುಂಟು, ಮೃದುಚಿಪ್ಪಿನ ಆಮೆಯುಂಟು, ಮಹಶೀರ್ ಮೊದಲಾದ ಮೀನುಗಳುಂಟು. ದಡದಲ್ಲಿ ಮಿಂಚುಳ್ಳಿ, ಕೊಕ್ಕರೆ, ನೀರುಕಾಗೆಗಳ ಸಂಸಾರವುಂಟು. ನೀರುನಾಯಿಯ ಹೆಸರಿನಲ್ಲಿ ಮೀಸಲು ಏರ್ಪಟ್ಟರೂ ಅದರ ನೆರಳಿನಲ್ಲಿ ಬದುಕಬೇಕಾದವರು ಇಷ್ಟು ಮಂದಿ.

ಲೋಕದಲ್ಲಿ ನುಣುಪು ತುಪ್ಪಳದ ನೀರುನಾಯಿಗಳ ಸಂಖ್ಯೆ ಕುಗ್ಗುತ್ತಿದೆ. ತೊಗಲಿಗಾಗಿ ಬೇಟೆ, ಸಾಕುವ ಶೋಕಿಗಾಗಿ ಮರಿಗಳ ಮಾರಾಟ, ಕೆರೆ ನದಿಗಳ ನಾಶ - ಇವು ಕಾರಣ. ೨೦೧೯ರಲ್ಲಿ ನಾನಾ ರಾಷ್ಟ್ರಗಳು ಕೂಡಿ ಈ ಪ್ರಾಣಿಯ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಅತಿ ಕಠಿಣವಾದ ನಿರ್ಬಂಧವನ್ನು ವಿಧಿಸಿದವು. ಹೀಗಿರುವಾಗ ಹಂಪಿಯ ಮಗ್ಗುಲಿನ ೩೪ ಕಿಲೋಮೀಟರು ನೀರಿನ ಬೆಲೆ ಊರಿನವರು ಎಣಿಸುವುದಕ್ಕಿಂತ ಹೆಚ್ಚೇ ಆಯಿತು.

ನೀರಿನಲ್ಲಿ ಮೀಸಲನ್ನು ಏರ್ಪಡಿಸುವ ವಿದ್ಯೆ ಹೆಚ್ಚಾಗಿ ಬೆಳೆದದ್ದು ಸಮುದ್ರದಲ್ಲಿ. ಕಡಲು ಅಕ್ಷಯಪಾತ್ರೆ, ಎಷ್ಟು ಮೊಗೆದರೂ ಬತ್ತದು ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಯಂತ್ರದ ದೋಣಿಗಳೂ ಮೈಲುಗಟ್ಟಲೆ ಬಲೆಗಳೂ ಬಂದಮೇಲೆ ಆ ನಂಬಿಕೆ ಒಡೆಯಿತು. ನ್ಯೂಜಿಲೆಂಡಿನಲ್ಲಿ ೧೯೭೫ರಲ್ಲಿ ಲೇ ಎಂಬ ಊರಿನ ಬಳಿ ಚಿಕ್ಕದೊಂದು ಕಡಲತೀರದಲ್ಲಿ ಮೀನು ಹಿಡಿಯುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಯಿತು. ‘ಸಮುದ್ರಕ್ಕೆ ಕಾಯ್ದೆಯೇ?’ ಎಂದು ನಕ್ಕವರುಂಟು. ಕೆಲವು ವರ್ಷಗಳಲ್ಲಿ ದೊಡ್ಡ ಮೀನುಗಳೂ ದೊಡ್ಡ ಸಿಗಡಿಗಳೂ ಮರಳಿದವು. ಅವು ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂತಹ ಪ್ರಾಣಿಗಳನ್ನು ತಿಂದು ಹತೋಟಿಯಲ್ಲಿಟ್ಟವು. ಆ ಪ್ರಾಣಿಗಳು ಮೇಯ್ದು ಬೋಳುಮಾಡಿದ್ದ ಬಂಡೆಗಳ ಮೇಲೆ ಕೆಲ್ಪ್ ಎಂಬ ಆಳೆತ್ತರದ ಕಡಲಪಾಚಿ ಕಾಡಿನಂತೆ ಬೆಳೆಯಿತು. ಮೀನನ್ನು ಬಿಟ್ಟರೆ ಪಾಚಿ ಬೆಳೆಯುತ್ತದೆಂದು ಮೊದಲೇ ಹೇಳಿದ್ದರೆ ಯಾರು ನಂಬುತ್ತಿದ್ದರು?

ಇದಕ್ಕೆ ನೀರುನಾಯಿಯ ಬಂಧುವಿನದೇ ಒಂದು ನಿದರ್ಶನವುಂಟು. ಉತ್ತರ ಶಾಂತಸಾಗರದಲ್ಲಿ ಕಡಲ ನೀರುನಾಯಿಗಳು ವಾಸಿಸುತ್ತವೆ. ಅವುಗಳ ತುಪ್ಪಳ ಚಿನ್ನದ ಬೆಲೆಗೆ ಮಾರುತ್ತಿದ್ದುದರಿಂದ ಬೇಟೆಗಾರರು ಅವನ್ನು ಬಹುಮಟ್ಟಿಗೆ ನಿರ್ವಂಶ ಮಾಡಿದರು. ೧೯೧೧ರಲ್ಲಿ ಅಮೆರಿಕ, ಬ್ರಿಟನ್, ಜಪಾನ್, ರಷ್ಯಾಗಳು ಒಪ್ಪಂದ ಮಾಡಿಕೊಂಡು ಬೇಟೆ ನಿಲ್ಲಿಸಿದಾಗ ಅಲ್ಲೊಂದು ಇಲ್ಲೊಂದು ಗುಂಪು ಉಳಿದಿತ್ತು. ಜೇಮ್ಸ್ ಎಸ್ಟೆಸ್ ಎಂಬ ವಿಜ್ಞಾನಿ ತನ್ನ ಜೊತೆಗಾರನೊಡನೆ ಅಲ್ಯೂಷಿಯನ್ ದ್ವೀಪಗಳಲ್ಲಿ ನೀರುನಾಯಿ ಮರಳಿದ ತೀರವನ್ನೂ ಮರಳದ ತೀರವನ್ನೂ ಹೋಲಿಸಿ ೧೯೭೪ರಲ್ಲಿ ಪ್ರಕಟಿಸಿದ ವಿವರ ಪ್ರಸಿದ್ಧವಾಗಿದೆ. ನೀರುನಾಯಿ ಇದ್ದಲ್ಲಿ ಸಮುದ್ರದ ತಳ ಹಸಿರು ಕಾಡು. ಇಲ್ಲದಲ್ಲಿ ಮುಳ್ಳುಚೆಂಡುಗಳು ಮೇಯ್ದ ಬರಡು ನೆಲ. ನದಿಯ ಲೆಕ್ಕ ಕಡಲಿನ ಲೆಕ್ಕದಂತೆಯೇ ಅಲ್ಲವಾದರೂ ತತ್ತ್ವ ಒಂದೇ: ನೀರಿನ ಸಂಸಾರದಲ್ಲಿ ಒಬ್ಬರನ್ನು ಮನೆಯಿಂದ ಹೊರಗೆ ಹಾಕಿದರೆ ಉಳಿದವರ ಅಡಿಗೆಯೂ ಕೆಡುತ್ತದೆ.

ಇಂತಹ ಮೀಸಲುಗಳನ್ನು ಯೋಜಿಸುವಲ್ಲಿ ಐವತ್ತು ವರ್ಷಗಳ ಅನುಭವದಿಂದ ಕೆಲವು ಸೂತ್ರಗಳು ಹೊರಬಿದ್ದಿವೆ. ಒಂದು, ಕ್ಷೇತ್ರವೆಲ್ಲಕ್ಕೂ ಒಂದೇ ನಿಯಮ ಸಲ್ಲದು. ಒಳಗೆ ಯಾರೂ ಮುಟ್ಟದ ಗರ್ಭಗುಡಿಯೂ, ಅದರ ಸುತ್ತ ಮಿತವಾಗಿ ಬಳಸುವ ಪ್ರಾಕಾರವೂ ಇರಬೇಕು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ಸಾಲಿನಲ್ಲಿ ೨೦೦೪ರವರೆಗೆ ಮೀನು ಹಿಡಿಯಬಾರದ ಭಾಗ ನೂರಕ್ಕೆ ಐದರಷ್ಟೂ ಇರಲಿಲ್ಲ. ಆ ವರ್ಷ ಅದನ್ನು ಮೂರನೆಯ ಒಂದು ಪಾಲಿಗೆ ಏರಿಸಿದರು. ಎರಡು, ಆ ನಿಯಮದಿಂದ ನಷ್ಟ ಹೊಂದುವವನಿಗೆ ಪರಿಹಾರವಿರಬೇಕು. ಆಸ್ಟ್ರೇಲಿಯಾ ಸರ್ಕಾರ ಮೀನುಗಾರರಿಗೆ ಹಣ ಕೊಟ್ಟೇ ಹೊಸ ಗೆರೆಯನ್ನು ಎಳೆಯಿತು. ಮೂರು, ಕಾಯುವವರು ಸ್ಥಳದ ಜನರೇ ಆಗಿರಬೇಕು. ಫಿಲಿಪೈನ್ಸಿನ ಅಪೋ ಎಂಬ ಪುಟ್ಟ ದ್ವೀಪದಲ್ಲಿ ಏಂಜೆಲ್ ಆಲ್ಕಾಲ ಎಂಬ ಪ್ರಾಧ್ಯಾಪಕರ ಮಾತಿಗೆ ಒಪ್ಪಿ ೧೯೮೨ರಿಂದ ಮೀನುಗಾರರೇ ತಮ್ಮ ಹವಳದ ದಿಬ್ಬದ ಒಂದು ಸಣ್ಣ ಭಾಗವನ್ನು ಬಿಟ್ಟುಕೊಟ್ಟು ತಾವೇ ಪಹರೆ ನಿಂತರು. ಒಳಗೆ ಬೆಳೆದ ಮೀನು ಹೊರಕ್ಕೆ ತುಂಬಿ ಹರಿದು ಅವರ ಬಲೆಗೇ ಬಂದಿತು. ಬಡ್ಡಿಯನ್ನು ತಿನ್ನಬೇಕು, ಗಂಟನ್ನು ಮುಟ್ಟಬಾರದೆಂಬ ಗೃಹಸ್ಥಧರ್ಮಕ್ಕಿಂತ ಇದು ಬೇರೆಯಲ್ಲ.

ಇದೆಲ್ಲ ಪರದೇಶದ ವಿದ್ಯೆಯೆಂದು ಕನ್ನಡಿಗರು ಬೆರಗಾಗಬೇಕಾದುದಿಲ್ಲ. ಇದೇ ನದಿಯ ಮೇಲ್ಭಾಗದಲ್ಲಿ, ಶೃಂಗೇರಿಯ ಮಠದೆದುರಿನ ತುಂಗೆಯಲ್ಲಿ, ದೊಡ್ಡ ದೊಡ್ಡ ಮೀನುಗಳು ಯಾತ್ರಿಕರ ಪಾದದ ಬಳಿಗೆ ಬಂದು ಮಂಡಕ್ಕಿ ತಿನ್ನುತ್ತವೆ. ಅಲ್ಲಿ ಗಾಳ ಹಾಕುವ ಧೈರ್ಯ ಯಾರಿಗೂ ಇಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲಿ, ಕಾವೇರಿಯ ರಾಮನಾಥಪುರದಲ್ಲಿ ಇಂತಹವೇ ದೇವರ ಮೀನಿನ ಮಡುಗಳಿವೆ. ದೇವರ ಹೆಸರಿನಲ್ಲಿ ಪೂರ್ವಿಕರು ಕಟ್ಟಿದ ಈ ಕಟ್ಟಳೆಯನ್ನು ಇಂದಿನ ಶಾಸ್ತ್ರದ ಭಾಷೆಯಲ್ಲಿ ಹೇಳಿದರೆ ಅದೇ ‘ಮುಟ್ಟಬಾರದ ಕ್ಷೇತ್ರ’. ಕರಾವಳಿಯಲ್ಲಿ ಜೂನ್ ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯಬಾರದೆಂಬ ಸರ್ಕಾರದ ನಿಯಮವೂ ಇದೇ ಜಾತಿಯದು. ಒಂದು ಸ್ಥಳದ ಮೀಸಲು, ಇನ್ನೊಂದು ಕಾಲದ ಮೀಸಲು. ಆ ದಿನಗಳಲ್ಲಿ ಮೀನಿನ ಬೆಲೆ ಏರಿತೆಂದು ಗೊಣಗುವ ಗೃಹಿಣಿಯರು ಮುಂದಿನ ವರ್ಷದ ಮೀನು ಆಗಲೇ ಮೊಟ್ಟೆಯಿಡುತ್ತಿರುವುದನ್ನು ನೆನೆದರೆ ಗೊಣಗಾಟ ಸ್ವಲ್ಪ ತಗ್ಗೀತು.

ಆದರೆ ಭಕ್ತಿಯೊಂದೇ ಸಾಲದೆಂಬುದನ್ನೂ ಶಿಶಿಲವೇ ತೋರಿಸಿಕೊಟ್ಟಿದೆ. ೧೯೯೬ರಲ್ಲಿ ಅಲ್ಲಿ ಯಾರೋ ನೀರಿಗೆ ವಿಷ ಬೆರೆಸಿದ್ದರಿಂದ ದೇವರ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಊರಿನವರು ಮೀನುಗಳಿಗೆ ಸ್ಮಾರಕವನ್ನು ನಿಲ್ಲಿಸಿದರು. ನೀರಿಗೆ ಬಾಗಿಲಿಲ್ಲ, ಒಳಗೆ ಎಷ್ಟೇ ಮಡಿಯಿದ್ದರೂ ಹೊರಗಿನಿಂದ ಬರುವುದನ್ನು ತಡೆಯುವವರಿಲ್ಲ. ಕಾಡಿನ ಮೀಸಲಿಗೂ ನೀರಿನ ಮೀಸಲಿಗೂ ಇರುವ ಮುಖ್ಯ ವ್ಯತ್ಯಾಸ ಇದು.

ತುಂಗಭದ್ರೆಯ ಮೀಸಲಿನ ಮೊದಲ ತೊಡಕೂ ಇಲ್ಲಿಯೇ ಕಾಣುತ್ತದೆ. ಈ ಮೀಸಲಿನ ತಲೆಬಾಗಿಲಲ್ಲಿ ನಿಂತಿರುವುದು ಅಣೆಕಟ್ಟು. ೧೯೪೫ರಲ್ಲಿ ಕೆಲಸ ಆರಂಭವಾಗಿ ೧೯೫೩ರಲ್ಲಿ ನೀರು ಹರಿಸಿದ ಈ ಕಟ್ಟೆಯಿಂದ ಲಕ್ಷಾಂತರ ಎಕರೆಗಳಲ್ಲಿ ಬತ್ತ ಬೆಳೆಯಿತು. ಬರಗಾಲದ ನಾಡು ಅನ್ನ ಕಂಡಿತು. ಅದನ್ನು ಹಳಿಯುವುದು ಉಂಡ ಮನೆಗೆ ಎರಡೆಣಿಸಿದಂತೆ. ಆದರೂ ಅಣೆಕಟ್ಟಿನ ಕೆಳಗೆ ನದಿಯು ನದಿಯಾಗಿ ಉಳಿಯುವುದು ಮೇಲಿನವರ ಮರ್ಜಿಯಿಂದ. ಎಡದಂಡೆ ಬಲದಂಡೆಯ ಕಾಲುವೆಗಳು ತಮ್ಮ ಪಾಲನ್ನು ಎಳೆದುಕೊಂಡಮೇಲೆ ಬೇಸಗೆಯಲ್ಲಿ ಹಂಪಿಯ ಬಂಡೆಗಳ ನಡುವೆ ಉಳಿಯುವುದು ಅಲ್ಲಲ್ಲಿ ನಿಂತ ಮಡುಗಳು. ಮೀನು ಆ ಮಡುಗಳಲ್ಲಿ ಸೇರುತ್ತದೆ; ಮೀನನ್ನು ಹುಡುಕಿಕೊಂಡು ನೀರುನಾಯಿ ಅಲ್ಲಿಗೆ ಬರುತ್ತದೆ; ಬಲೆ ಹೊತ್ತ ಮನುಷ್ಯನೂ ಅಲ್ಲಿಗೇ ಬರುತ್ತಾನೆ. ವರ್ಷದ ಉಳಿದ ದಿನಗಳಲ್ಲಿ ೩೪ ಕಿಲೋಮೀಟರಿನಲ್ಲಿ ಹಂಚಿಹೋಗಿದ್ದ ಜೀವಗಳೆಲ್ಲ ನಾಲ್ಕಾರು ಹೊಂಡಗಳಲ್ಲಿ ಕೂಡುವ ಕಾಲ ಅದು. ಆ ಮಡುವಿಗೆ ಯಾರಾದರೂ ಒಂದು ಸಿಡಿಮದ್ದನ್ನು ಎಸೆದರೆ ಅಂದಿನ ಮೀನಷ್ಟೇ ಅಲ್ಲ, ಮರಿಮೀನು, ಮೊಟ್ಟೆ, ಆಮೆ ಎಲ್ಲವೂ ಒಂದೇ ಏಟಿಗೆ ಮುಗಿಯಿತು. ಎಸೆದವನ ಕೈಗೆ ಸಿಕ್ಕುವುದು ತೇಲಿದ್ದು ಮಾತ್ರ. ಮುಳುಗಿದ್ದು ಯಾರಿಗೂ ಇಲ್ಲ.

ಮಳೆಗಾಲದಲ್ಲಿ ಕಷ್ಟ ಬೇರೆಯ ಬಗೆಯದು. ಜಲಾಶಯ ತುಂಬಿದಾಗ ಗೇಟುಗಳನ್ನು ಎತ್ತಲೇಬೇಕು. ಆಗ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿಯ ಸೇತುವೆಯ ಮೇಲೆ ನೀರು ಹರಿಯುತ್ತದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ಬತ್ತದ ಬೆಳೆಗೆ ನೀರು ಉಳಿದೀತೇ ಎಂದು ಮೂರು ರಾಜ್ಯಗಳ ರೈತರು ನಿದ್ರೆಗೆಟ್ಟರು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಯನ್ನು ಇಳಿಸಿದ ಎಂಜಿನಿಯರರ ಸಾಹಸವನ್ನು ನಾಡು ಕೊಂಡಾಡಿತು, ಕೊಂಡಾಡಬೇಕಾದದ್ದೇ ಸರಿ. ಆ ರಾತ್ರಿ ಕೆಳಗಿನ ಬಂಡೆಗಳ ಸಂದಿಯಲ್ಲಿ ಮರಿಗಳಿದ್ದುವೋ ಇಲ್ಲವೋ ಕೇಳುವ ಹೊತ್ತು ಅದಾಗಿರಲಿಲ್ಲ. ಆದರೆ ಗೇಟು ಮುರಿಯದ ವರ್ಷಗಳಲ್ಲಿಯೂ ಅದನ್ನು ಕೇಳುವುದಕ್ಕೆ ಒಂದು ಸ್ಥಾನವಿರಬೇಡವೆ?

ಕಾನೂನಿನಲ್ಲಿ ಆ ಸ್ಥಾನ ಎಲ್ಲಿದೆಯೆಂದು ಹುಡುಕಿದರೆ ಒಂದು ವಿಚಿತ್ರ ಎದುರಾಗುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ೨೦೦೨ರಲ್ಲಿ ತಿದ್ದುಪಡಿಯಾಗಿ ‘ಸಂರಕ್ಷಣಾ ಮೀಸಲು’ ಎಂಬ ಈ ಹೊಸ ವರ್ಗ ಹುಟ್ಟಿತು. ಅಭಯಾರಣ್ಯಕ್ಕಿಂತ ಇದರ ಬಿಗಿ ಕಡಮೆ. ಸ್ಥಳೀಯರೊಡನೆ ಸಮಾಲೋಚಿಸಿ ಸರ್ಕಾರಿ ಭೂಮಿಯಲ್ಲಿ ಏರ್ಪಡಿಸತಕ್ಕದ್ದು. ಅಭಯಾರಣ್ಯಕ್ಕೆ ಇರುವ ನಿಯಮಗಳಲ್ಲಿ ಕೆಲವನ್ನು ಆಯ್ದು ಮೀಸಲಿಗೂ ಅನ್ವಯಿಸಲಾಗಿದೆ. ಸಿಡಿಮದ್ದು ಮತ್ತು ಅಪಾಯಕರ ರಾಸಾಯನಿಕಗಳ ನಿಷೇಧವು ಹಾಗೆ ಆಯ್ದವುಗಳಲ್ಲಿ ಒಂದು. ಆದರೆ ಅಭಯಾರಣ್ಯದ ನೀರಿನ ಹರಿವನ್ನು ಅನುಮತಿಯಿಲ್ಲದೆ ತಿರುಗಿಸಬಾರದು, ತಡೆಯಬಾರದು, ಹೆಚ್ಚಿಸಬಾರದು ಎಂಬ ಇಪ್ಪತ್ತೊಂಬತ್ತನೆಯ ವಿಧಿ ಆ ಪಟ್ಟಿಯಲ್ಲಿ ಸೇರಿಲ್ಲ. ನೆಲದ ಮೀಸಲಿಗೆ ಈ ಲೋಪ ಅಷ್ಟಾಗಿ ಬಾಧಿಸದು. ಮೀಸಲೆಂಬುದೇ ನೀರಾಗಿರುವಲ್ಲಿ ನೀರೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ರಕ್ಷಣೆ ದೊರೆತಂತಾಯಿತು.

ಎರಡನೆಯ ವಿಚಿತ್ರ ಆಡಳಿತ ಸಮಿತಿಯದು. ಕಾಯ್ದೆಯ ಪ್ರಕಾರ ಮೀಸಲಿಗೆ ಸಲಹೆ ನೀಡುವ ಸಮಿತಿಯಲ್ಲಿ ಅರಣ್ಯ ಅಥವಾ ವನ್ಯಜೀವಿ ಇಲಾಖೆಯವರೊಬ್ಬರು ಕಾರ್ಯದರ್ಶಿ. ಮೀಸಲು ಹಾಯುವ ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ಒಬ್ಬ ಪ್ರತಿನಿಧಿ. ವನ್ಯಜೀವಿ ರಕ್ಷಣೆಯ ಸ್ವಯಂಸೇವಾ ಸಂಸ್ಥೆಗಳಿಂದ ಮೂವರು. ಕೃಷಿ ಇಲಾಖೆಯಿಂದ ಒಬ್ಬರು, ಪಶುಸಂಗೋಪನಾ ಇಲಾಖೆಯಿಂದ ಒಬ್ಬರು. ಪಟ್ಟಿ ಮುಗಿಯಿತು. ಮೀನುಗಾರಿಕೆ ಇಲಾಖೆಯ ಹೆಸರು ಅಲ್ಲಿಲ್ಲ. ನೀರಾವರಿಯ ಹೆಸರೂ ಇಲ್ಲ. ಕಾನೂನು ಬರೆದವರ ಕಣ್ಣಿನಲ್ಲಿ ಕಾಡು, ಹೊಲ, ದನಕರುಗಳು ಇದ್ದುವೇ ಹೊರತು ನದಿ ಇರಲಿಲ್ಲ. ಪಂಚಾಯಿತಿಯ ಪ್ರತಿನಿಧಿ ಊರಿನ ಗೌಡನಾಗಿರಬಹುದು, ಬಾಳೆತೋಟದ ಒಡೆಯನಾಗಿರಬಹುದು. ಬಲೆ ಹಾಕುವ ಬೆಸ್ತನಾಗಿರಬೇಕೆಂಬ ನಿಯಮವೇನೂ ಇಲ್ಲ. ೨೦೨೧ರಲ್ಲಿ ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರ್ಪಟ್ಟಮೇಲೆ ಒಂದೇ ನದಿಯ ಈ ತುಣುಕು ವಿಜಯನಗರ, ಬಳ್ಳಾರಿ, ಕೊಪ್ಪಳ ಎಂಬ ಮೂರು ಜಿಲ್ಲೆಗಳಿಗೆ ಹಂಚಿಹೋಗಿದೆ. ನೀರುನಾಯಿಗೆ ಯಾವ ಜಿಲ್ಲೆಯ ಕಚೇರಿಗೆ ಅರ್ಜಿ ಹಾಕಬೇಕೆಂಬುದು ತಿಳಿಯದು.

ಮೀನುಗಾರನ ಮಾತನ್ನೂ ಕೇಳಬೇಕು. ಈ ನದಿಯಲ್ಲಿ ಅವನು ನಿನ್ನೆ ಮೊನ್ನೆ ಬಂದವನಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ಬುಟ್ಟಿಯಾಕಾರದ, ಚರ್ಮ ಹೊದಿಸಿದ ದೋಣಿಗಳನ್ನು ಕಂಡು ವಿವರಿಸಿದ್ದಾನೆ. ಅರಸರು ಹೋದರು, ಪಟ್ಟಣ ಹಾಳಾಯಿತು, ಹರಿಗೋಲು ಉಳಿಯಿತು. ಹರಿಗೋಲಿನವನ ಲೆಕ್ಕ ಸರಳ: ಒಂದು ನೀರುನಾಯಿ ದಿನಕ್ಕೆ ಸುಮಾರು ಒಂದು ಕಿಲೋ ಮೀನು ತಿನ್ನುತ್ತದೆ, ಸಾಲದ್ದಕ್ಕೆ ಬಲೆಯೊಳಗಿನ ಮೀನಿಗಾಗಿ ಬಲೆಯನ್ನೇ ಹರಿಯುತ್ತದೆ. ಹೊಸ ಬಲೆಗೆ ಕೊಡುವವರು ಯಾರು? ಹೊಸಪೇಟೆಯ ಮನೆಯಲ್ಲಿ ಕುಳಿತು ನೀರುನಾಯಿಯ ಚಿತ್ರ ನೋಡಿ ಮೆಚ್ಚುವವರ ತಟ್ಟೆಯಿಂದ ಅದು ಏನನ್ನೂ ಕಸಿಯುವುದಿಲ್ಲ; ಇವನ ತಟ್ಟೆಯಿಂದ ಕಸಿಯುತ್ತದೆ. ಸಂರಕ್ಷಣೆಯ ಖರ್ಚನ್ನೆಲ್ಲ ಊರಿನಲ್ಲಿ ಅತ್ಯಂತ ಬಡವನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಆದರೆ ಅವನ ನಿಜವಾದ ವೈರಿ ನೀರುನಾಯಿಯೆ? ಸಿಡಿಮದ್ದು ಸಿಡಿಸುವವನು ಅವನ ಮುಂದಿನ ವರ್ಷದ ಮೀನನ್ನು ಕೊಲ್ಲುತ್ತಾನೆ. ಮರಳನ್ನು ತೋಡುವವನು ಮೀನು ಮೊಟ್ಟೆಯಿಡುವ ನೆಲೆಯನ್ನು ಲಾರಿಗೆ ತುಂಬುತ್ತಾನೆ. ತೋಟಗಳಿಂದ ಹರಿದುಬರುವ ಕೀಟನಾಶಕವೂ ಊರುಗಳ ಕೊಳಚೆಯೂ ಬೇಸಗೆಯ ಮಡುಗಳನ್ನು ಕೆಡಿಸುತ್ತವೆ. ಇವರೆಲ್ಲರ ಮುಂದೆ ದಿನಕ್ಕೆ ಒಂದು ಕಿಲೋ ತಿನ್ನುವ ಪ್ರಾಣಿ ಅಲ್ಪಸ್ವಲ್ಪದ ಪಾಲುಗಾರ. ಬಾಂಗ್ಲಾದೇಶದ ನರಾಯಿಲ್ ಪ್ರದೇಶದಲ್ಲಿ ಕೆಲವು ಮೀನುಗಾರ ಮನೆತನಗಳು ಇದೇ ಜಾತಿಯ ನೀರುನಾಯಿಗಳನ್ನು ಸಾಕಿ, ದೋಣಿಗೆ ಕಟ್ಟಿದ ಗಳುವಿಗೆ ಹಗ್ಗದಿಂದ ಬಿಗಿದು, ಅವು ಬೆದರಿಸಿ ಹೊರಡಿಸಿದ ಮೀನುಗಳನ್ನು ಬಲೆಗೆ ಬೀಳಿಸುವ ವಿದ್ಯೆಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ತುಂಗಭದ್ರೆಯಲ್ಲಿ ಅದನ್ನು ಅನುಸರಿಸಬೇಕೆಂದಲ್ಲ. ಮೀನುಗಾರನಿಗೂ ನೀರುನಾಯಿಗೂ ಹುಟ್ಟುಹಗೆ ವಿಧಿಲಿಖಿತವಲ್ಲವೆಂಬುದಕ್ಕೆ ಅದು ಸಾಕ್ಷಿ.

ಮೊದಲೇ ಯೋಜಿಸುವುದಕ್ಕೂ ಕೆಟ್ಟಮೇಲೆ ನಿಲ್ಲಿಸುವುದಕ್ಕೂ ಎಷ್ಟು ಅಂತರವೆಂಬುದನ್ನು ಈ ಸೀಮೆಯವರಿಗೆ ಹೊರಗಿನವರು ಹೇಳಬೇಕಾಗಿಲ್ಲ. ಹೊಸಪೇಟೆಯ ಮಗ್ಗುಲಿನಲ್ಲಿ ಸಂಡೂರಿದೆ. ಅಲ್ಲಿಯ ಬೆಟ್ಟಗಳ ಕಬ್ಬಿಣದ ಅದಿರನ್ನು ಮಿತಿಮೀರಿ ಅಗೆದ ವರ್ಷಗಳಲ್ಲಿ ಕೆಂಧೂಳು ಬೆಳೆಯ ಮೇಲೆಯೂ ಮನೆಯ ಹಂಚಿನ ಮೇಲೆಯೂ ಕುಳಿತಿತು. ಮಳೆಯಲ್ಲಿ ಹಳ್ಳಗಳು ಕೆಂಪಾಗಿ ಹರಿದವು. ೨೦೧೧ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಬೆಟ್ಟ ಉಸಿರಾಡಿತು, ಜೊತೆಗೆ ಲಾರಿಯ ಚಾಲಕ, ಕ್ಲೀನರು, ಕೂಲಿಯವನು, ದಾರಿಬದಿಯ ಹೋಟೆಲಿನವನು ಒಂದೇ ದಿನ ಕೆಲಸ ಕಳೆದುಕೊಂಡರು. ಗಣಿಯ ಲಾಭದಲ್ಲಿ ಅವರಿಗೆ ಪಾಲಿರಲಿಲ್ಲ; ನಿಷೇಧದ ನಷ್ಟದಲ್ಲಿ ಮಾತ್ರ ಪೂರ್ತಿ ಪಾಲು ಬಂದಿತು. ಮುಂದೆ ಷರತ್ತುಗಳೊಡನೆ ಗಣಿಗಳು ತೆರೆದವು. ಆ ಷರತ್ತುಗಳನ್ನೇ ಹತ್ತು ವರ್ಷ ಮೊದಲು ವಿಧಿಸಿದ್ದರೆ ಬೆಟ್ಟಕ್ಕೂ ಕೂಲಿಯವನಿಗೂ ಇಷ್ಟು ಪೆಟ್ಟು ತಾಗುತ್ತಿರಲಿಲ್ಲ. ನದಿಯ ವಿಷಯದಲ್ಲಿ ಆ ಹತ್ತು ವರ್ಷ ಇನ್ನೂ ಕೈಯಲ್ಲಿದೆ.

ಮಾಡಬೇಕಾದದ್ದು ಅಸಾಧ್ಯವಾದದ್ದೇನೂ ಅಲ್ಲ. ಸಮಿತಿಯಲ್ಲಿ ಬೆಸ್ತರಿಗೂ ಮೀನುಗಾರಿಕೆ ಇಲಾಖೆಗೂ ಅಣೆಕಟ್ಟಿನ ನೀರನ್ನು ಹಂಚುವವರಿಗೂ ಒಂದೊಂದು ಕುರ್ಚಿ ಹಾಕಬೇಕು. ಕಾಯ್ದೆಯಲ್ಲಿ ಹೆಸರಿಲ್ಲದವರನ್ನು ಸಭೆಗೆ ಕರೆಯುವುದಕ್ಕೆ ಅಡ್ಡಿಯೇನೂ ಇರಲಾರದು. ೩೪ ಕಿಲೋಮೀಟರಿನಲ್ಲಿ ಬೇಸಗೆಯಲ್ಲಿಯೂ ಬತ್ತದ ಕೆಲವು ಮಡುಗಳನ್ನು ಬೆಸ್ತರನ್ನೇ ಕೇಳಿ ಆರಿಸಿ, ಶೃಂಗೇರಿಯ ಮಡುವಿನಂತೆ ಯಾರೂ ಬಲೆ ಹಾಕದ ಗರ್ಭಗುಡಿಗಳಾಗಿ ಬಿಡಬೇಕು. ಉಳಿದ ನೀರಿನಲ್ಲಿ ಅವರ ಹಕ್ಕು ಅವರದಾಗಿರಬೇಕು. ಹರಿದ ಬಲೆಗೆ ತಡವಿಲ್ಲದೆ ಪರಿಹಾರ ಸಿಕ್ಕಬೇಕು. ಸಿಡಿಮದ್ದಿನ ಸದ್ದು ಕೇಳಿದ ಕೂಡಲೇ ಓಡಿಬರುವ ಕಾವಲುಗಾರ ನಗರದಿಂದ ಬಂದವನಾಗಿರದೆ ಆ ದಡದವನೇ ಆಗಿರಬೇಕು. ಗೇಟು ಎತ್ತುವ ಮುನ್ನ ದಡದ ಊರುಗಳಿಗೆ ಎಚ್ಚರಿಕೆ ಕೊಡುವಂತೆಯೇ, ಸಾಧ್ಯವಾದಾಗಲೆಲ್ಲ ನೀರನ್ನು ಹಂತಹಂತವಾಗಿ ಏರಿಸಿದರೆ ಬಿಲದ ತಾಯಿಗೂ ಮರಿಯನ್ನು ಕಚ್ಚಿಕೊಂಡು ಮೇಲೇರಲು ಸಮಯ ಸಿಕ್ಕುತ್ತದೆ. ಬೇಸಗೆಯಲ್ಲಿ ಕಾಲುವೆಯ ಪಾಲು ಹಂಚುವಾಗ ನದಿಗೂ ಒಂದು ಸಣ್ಣ ಪಾಲನ್ನು ಬರೆದಿಡಬೇಕು. ತುಂಗಭದ್ರೆಯ ನೀರಿಗಾಗಿ ರಾಜ್ಯ ರಾಜ್ಯಗಳು ವಾದ ಮಾಡಿವೆ. ತುಂಗಭದ್ರೆಯ ಪರವಾಗಿಯೇ ವಾದ ಮಾಡಿದವರು ವಿರಳ.

ನಗರದ ಸಂಸಾರಸ್ಥರ ಪಾಲಿಗೂ ಕೆಲಸವುಂಟು. ಹಂಪಿಯ ದಡದಲ್ಲಿ ಬುತ್ತಿ ಬಿಚ್ಚಿದವರು ಪ್ಲಾಸ್ಟಿಕ್ ಚೀಲವನ್ನು ಮರಳಿ ಕೊಂಡೊಯ್ಯುವುದು ಕಷ್ಟದ ಕಾರ್ಯವಲ್ಲ. ಬಟ್ಟೆ, ಸೋಪು, ಹಳೆಯ ಫೋಟೋ, ಹೂವಿನ ರಾಶಿ ಇವನ್ನೆಲ್ಲ ನದಿಗೆ ಅರ್ಪಿಸಿದರೆ ಪುಣ್ಯ ಬರುವುದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನಗರವಿರುವಲ್ಲಿ ನೀರುನಾಯಿ ಬಾಳದೆಂಬುದೂ ಸುಳ್ಳು. ಸಿಂಗಪುರದ ನದಿ ಒಂದು ಕಾಲದಲ್ಲಿ ದುರ್ನಾತ ಬೀರುವ ಚರಂಡಿಯಾಗಿತ್ತು. ೧೯೭೭ರಿಂದ ಹತ್ತು ವರ್ಷ ಪಟ್ಟುಹಿಡಿದು ಅದನ್ನು ತೊಳೆದರು. ಮುಂದೆ, ಆ ದ್ವೀಪದಿಂದ ಕಣ್ಮರೆಯಾಗಿದ್ದ ಇದೇ ನುಣುಪು ತುಪ್ಪಳದ ನೀರುನಾಯಿಗಳು ಯಾರೂ ಕರೆಯದೆ ತಾವಾಗಿ ಮರಳಿ ಬಂದವು. ಇಂದು ಮುಗಿಲೆತ್ತರದ ಕಟ್ಟಡಗಳ ನಡುವೆ ಸಂಸಾರಸಮೇತ ರಸ್ತೆ ದಾಟುತ್ತವೆ; ಸಿರಿವಂತರ ಮನೆಯ ಕೊಳದ ಅಲಂಕಾರದ ಮೀನುಗಳನ್ನು ತಿಂದು ಬೈಸಿಕೊಳ್ಳುತ್ತವೆ. ಅಲ್ಲಿಯವರು ಬೈಯುತ್ತಲೇ ಅವುಗಳಿಗೆ ದಾರಿ ಬಿಡುತ್ತಾರೆ.

೨೦೨೨ರ ಡಿಸೆಂಬರಿನಲ್ಲಿ ಕೆನಡದ ಮಾಂಟ್ರಿಯಲ್ ನಗರದಲ್ಲಿ ಸೇರಿದ ರಾಷ್ಟ್ರಗಳು ೨೦೩೦ರೊಳಗೆ ನೆಲ, ಒಳನಾಡಿನ ನೀರು, ಕಡಲು - ಇವುಗಳಲ್ಲಿ ನೂರಕ್ಕೆ ಮೂವತ್ತು ಪಾಲನ್ನು ಕಾಪಾಡುವ ಸಂಕಲ್ಪ ತೊಟ್ಟವು. ಸಂಕಲ್ಪ ದೊಡ್ಡದು. ಅಂತಹ ಸಂಕಲ್ಪಗಳನ್ನು ನಕ್ಷೆಯ ಮೇಲೆ ಬಣ್ಣ ಬಳಿದು ಪೂರೈಸುವುದೂ ಸುಲಭ. ಕಾಗದದ ಮೇಲೆ ಮಾತ್ರ ಉಳಿದ ಕಡಲ ಮೀಸಲುಗಳು ಲೋಕದಲ್ಲಿ ಎಷ್ಟೋ ಇವೆ. ಅಂತಹ ಪಟ್ಟಿಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ನೀರೂ ಸೇರಬೇಕೇ, ಅಪೋ ದ್ವೀಪದ ಸಾಲಿನಲ್ಲಿ ನಿಲ್ಲಬೇಕೇ ಎಂಬುದನ್ನು ತೀರ್ಮಾನಿಸುವವರು ಮಾಂಟ್ರಿಯಲ್‌ನಲ್ಲಿಲ್ಲ. ಅಣೆಕಟ್ಟಿನ ಕಚೇರಿಯಲ್ಲಿದ್ದಾರೆ, ಕಂಪ್ಲಿಯ ತೋಟಗಳಲ್ಲಿದ್ದಾರೆ, ಆನೆಗುಂದಿಯ ಹರಿಗೋಲಿನಲ್ಲಿದ್ದಾರೆ, ಹೊಸಪೇಟೆಯ ಮನೆಗಳಲ್ಲಿದ್ದಾರೆ. ನೀರಿನ ಮೇಲೆ ಎಳೆದ ಗೆರೆಯನ್ನು ನೀರು ಅಳಿಸಿಬಿಡುತ್ತದೆ. ಅದು ಉಳಿಯುವುದು ದಡದ ಮನುಷ್ಯರ ಒಪ್ಪಿಗೆಯಲ್ಲಿ ಮಾತ್ರ. ಆ ಒಪ್ಪಿಗೆಯನ್ನು ಪಡೆಯಬೇಕಾದರೆ ಅವರನ್ನು ಕರೆದು ಕೂರಿಸಿ ಕೇಳಬೇಕು.